ಅರಳು ಎಂಬ ಮಾತು, ಅರಳುವ ಕಾಳು

ಬಂಗಾರಪೇಟೆಯ ರೈಲು ನಿಲ್ದಾಣದ ಹೊರಗೆ ಸಂಜೆಯಾಗುತ್ತಲೇ ತಳ್ಳುಗಾಡಿಗಳು ಸಾಲುಗಟ್ಟಿ ನಿಲ್ಲುತ್ತವೆ. ಈ ಊರಿನ ಹೆಸರನ್ನು ಬೆಂಗಳೂರಿನವರೆಗೂ ಕೊಂಡೊಯ್ದ ತಿಳಿನೀರಿನ ಪಾನಿಪುರಿಯ ಗಾಡಿಗಳ ನಡುವೆ ಗಾಜಿನ ಪೆಟ್ಟಿಗೆಯ ಗಾಡಿಯೊಂದು ನಿಂತಿತ್ತು. ಪೆಟ್ಟಿಗೆಯೊಳಗೆ ಕಾಳುಗಳು ಚಟಪಟ ಸಿಡಿದು ಬೆಳ್ಳಗೆ ರಾಶಿ ಬೀಳುತ್ತಿದ್ದವು. ಕಾಮಸಮುದ್ರದ ಬಸ್ಸಿಗಾಗಿ ಕಾಯುತ್ತಿದ್ದ ನಮ್ಮ ಗುಂಪಿನ ಪ್ರೌಢಶಾಲಾ ವಿದ್ಯಾರ್ಥಿನಿಯೊಬ್ಬಳು ಕೇಳಿದಳು: "ಅಕ್ಕಾ, ಪಾಪ್‌ಕಾರ್ನ್‌ಗೆ ಕನ್ನಡದಲ್ಲಿ ಹೆಸರೇ ಇಲ್ಲವಾ?"

ನಾನು ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿ ಗಂಟುಮೂಟೆ ಇಟ್ಟುಕೊಂಡು ಕುಳಿತಿದ್ದ ಅಜ್ಜಿ "ಪೇಲಾಲು ಕದಮ್ಮಾ" ಎಂದರು. ಕೆ.ಜಿ.ಎಫ್.ನ ಬಸ್ಸಿಗೆ ಕಾದಿದ್ದ ಹೆಂಗಸು "ಸೋಳಪ್ಪೊರಿ" ಎಂದು ನಕ್ಕರು. ನಮ್ಮ ಗುಂಪಿನ ಹಿರಿಯ ರೈತರೊಬ್ಬರು ಮಾತ್ರ ಕೊಂಚ ಹೊತ್ತು ಯೋಚಿಸಿ, "ಅರಳು ಅಂತ ಅಲ್ಲವೇನಮ್ಮ? ರಾಗಿ ಅರಳು, ಜೋಳದ ಅರಳು. ಅದೇ ತಾನೆ ಇದು?" ಎಂದು ಮರುಪ್ರಶ್ನೆ ಹಾಕಿದರು. ಮೂರು ಭಾಷೆ, ಮೂರು ಉತ್ತರ. ಆದರೆ ಮೂವರಲ್ಲಿ ಯಾರೂ ಐವತ್ತರ ಒಳಗಿನವರಲ್ಲ. ಪ್ರಶ್ನೆ ಕೇಳಿದ ಹುಡುಗಿ ಅರಳು ಎಂಬ ಮಾತನ್ನು ಹೂವಿನ ವಿಷಯದಲ್ಲಿ ಮಾತ್ರ ಕೇಳಿದ್ದಳು.

ಇದೊಂದು ಸಣ್ಣ ಸಂಗತಿಯೆಂದು ತೋರಬಹುದು. ನೀರು, ಕಾಡು, ಕೆರೆಗಳ ಬಗ್ಗೆ ಬರೆಯಬೇಕಾದ ಪುಟದಲ್ಲಿ ತಿಂಡಿಯ ಹೆಸರಿನ ಚರ್ಚೆ ಏಕೆ ಎಂದು ಕೆಲವರು ಕೇಳಿಯಾರು. ನನ್ನ ಉತ್ತರ ಇಷ್ಟೇ: ಯಾವ ಕಾಳಿನ ಹೆಸರು ಮಕ್ಕಳ ಬಾಯಿಂದ ಮರೆಯಾಗುತ್ತಿದೆಯೋ ಆ ಕಾಳು ನಮ್ಮ ಹೊಲದಿಂದಲೂ ಮರೆಯಾಗುತ್ತಿದೆ. ಮಾತಿನ ನಷ್ಟವೂ ಮಣ್ಣಿನ ನಷ್ಟವೂ ಬೇರೆ ಬೇರೆಯಲ್ಲ.

ಸಿಡಿಯುವುದೋ, ಅರಳುವುದೋ?

ಬೆಂಕಿಯ ಮೇಲೆ ಕಾಳು ಬಿರಿಯುವುದನ್ನು ಒಂದೊಂದು ಜನಸಮುದಾಯವೂ ತನ್ನದೇ ರೀತಿಯಲ್ಲಿ ಕಂಡಿದೆ. ಇಂಗ್ಲಿಷಿನವರ ಕಿವಿಗೆ ಅದು 'ಪಾಪ್' ಎಂಬ ಸದ್ದು. ಅಮೆರಿಕದಲ್ಲಿ ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಬಳಕೆಗೆ ಬಂದ ಈ ಪದವನ್ನು ಜಾನ್ ರಸೆಲ್ ಬಾರ್ಟ್ಲೆಟ್ ಎಂಬುವರು 1848ರಲ್ಲಿ ಪ್ರಕಟಿಸಿದ ಅಮೆರಿಕದ ಮಾತುಗಳ ನಿಘಂಟಿನಲ್ಲಿ ಸೇರಿಸಿ, ಬಿರಿಯುವಾಗಿನ ಸದ್ದಿನಿಂದಲೇ ಹೆಸರು ಬಂದಿದೆಯೆಂದು ವಿವರಿಸಿದರು. 'ಕಾರ್ನ್' ಎಂಬುದಕ್ಕಾದರೋ ಇಂಗ್ಲೆಂಡಿನಲ್ಲಿ ಮೂಲತಃ ಧಾನ್ಯ ಎಂದಷ್ಟೇ ಅರ್ಥ. ಗೋಧಿಯೂ ಕಾರ್ನ್, ಬಾರ್ಲಿಯೂ ಕಾರ್ನ್. ಸಮುದ್ರ ದಾಟಿ ಹೋದವರು ಅಲ್ಲಿನ ಮೂಲನಿವಾಸಿಗಳ ಧಾನ್ಯವನ್ನು ಕಂಡು 'ಇಂಡಿಯನ್ ಕಾರ್ನ್' ಎಂದರು. ಕ್ರಮೇಣ ಮೊದಲ ಪದ ಉದುರಿ 'ಕಾರ್ನ್' ಎಂಬುದು ಅಲ್ಲಿ ಆ ಒಂದೇ ಬೆಳೆಗೆ ಅಂಟಿಕೊಂಡಿತು.

ತೆಲುಗಿನಲ್ಲಿ 'ಪೇಲು' ಎಂದರೆ ಸಿಡಿ, ಸ್ಫೋಟಿಸು. ಸಿಡಿದದ್ದು ಪೇಲಾಲು. ತೊಲಿ ಏಕಾದಶಿಯ ದಿನ ಆಂಧ್ರದ ಮನೆಗಳಲ್ಲಿ ಪೇಲಾಲ ಪಿಂಡಿ ಮಾಡುತ್ತಾರೆ. ತಮಿಳಿನಲ್ಲಿ 'ಪೊರಿ' ಎಂದರೆ ಹುರಿಯುವುದೂ ಹೌದು, ಬೆಂಕಿಯ ಕಿಡಿಯೂ ಹೌದು. ಕಾರ್ತಿಕ ದೀಪದ ಸಂಜೆ ಕೆ.ಜಿ.ಎಫ್.ನ ತಮಿಳು ಮನೆಗಳಲ್ಲಿ ನೆಲ್ಪೊರಿ ಇಲ್ಲದೆ ದೀಪ ಹಚ್ಚುವುದುಂಟೆ? ಸಂಸ್ಕೃತದಲ್ಲಿ ಲಾಜ, ಅದರಿಂದ ಮರಾಠಿಯ ಲಾಹ್ಯಾ. ಕನ್ನಡಿಗರು ಮಾತ್ರ ಸದ್ದನ್ನು ಬಿಟ್ಟು, ಕಿಡಿಯನ್ನು ಬಿಟ್ಟು, ಹೂವನ್ನು ಕಂಡರು. ಮೊಗ್ಗು ಅರಳಿದಂತೆ ಕಾಳು ಅರಳಿತು, ಆದ್ದರಿಂದ ಅದು ಅರಳು.

ಉತ್ತರ ಕರ್ನಾಟಕದಲ್ಲಿ ಈ ಮಾತು ಅಳ್ಳು ಎಂದಾಗಿದೆ. ನಾಗರ ಪಂಚಮಿ ಬಂತೆಂದರೆ ಅಲ್ಲಿ ಜೋಳದ ಅಳ್ಳು ಹುರಿಯುವ ಸಡಗರ. ಅದನ್ನು ಬೀಸಿ ಬೆಲ್ಲ ಬೆರೆಸಿದರೆ ಅಳ್ಳಿಟ್ಟು. ನಮ್ಮ ಮದುವೆಗಳಲ್ಲಿ ಲಾಜಹೋಮದ ಹೊತ್ತಿಗೆ ಸೋದರನು ಮದುಮಗಳ ಬೊಗಸೆಗೆ ತುಂಬುವುದು ಭತ್ತದ ಅರಳನ್ನು. ಇದನ್ನು ಪುರಿಯೊಂದಿಗೆ ಬೆರೆಸಬಾರದು. ಬೇಯಿಸಿ ಒಣಗಿಸಿದ ಭತ್ತದ ಅಕ್ಕಿಯನ್ನು ಕಾದ ಮರಳಿನಲ್ಲಿ ಉಬ್ಬಿಸಿದರೆ ಪುರಿ, ಅಂದರೆ ಮಂಡಕ್ಕಿ. ಹಸಿ ಕಾಳು ತನ್ನ ಸಿಪ್ಪೆಯನ್ನು ತಾನೇ ಒಡೆದುಕೊಂಡು ಹೊರಬಂದರೆ ಅರಳು. ಹೀಗೆ ಎರಡಕ್ಕೂ ಬೇರೆ ಬೇರೆ ಹೆಸರಿಟ್ಟ ಭಾಷೆಗೆ ಪಾಪ್‌ಕಾರ್ನ್‌ಗೆ ಮಾತಿಲ್ಲವೆಂದರೆ ಯಾರು ನಂಬಿಯಾರು?

ಮೆಕ್ಸಿಕೋದ ಹುಲ್ಲಿನಿಂದ ಗಾಜಿನ ಪೆಟ್ಟಿಗೆಯವರೆಗೆ

ಗಾಡಿಯಲ್ಲಿ ಅರಳುತ್ತಿದ್ದ ಕಾಳಿನ ಮೂಲ ನಮ್ಮ ನೆಲವಲ್ಲ. ಸುಮಾರು 9,000 ವರ್ಷಗಳ ಹಿಂದೆ ಮೆಕ್ಸಿಕೋ ದೇಶದ ಬಾಲ್ಸಾಸ್ ನದಿಯ ಕಣಿವೆಯಲ್ಲಿ ಟಿಯೊಸಿಂಟೆ ಎಂಬ ಕಾಡುಹುಲ್ಲನ್ನು ಅಲ್ಲಿನ ಜನ ಪಳಗಿಸಿ ಮುಸುಕಿನ ಜೋಳವನ್ನು ರೂಪಿಸಿದರು. ಆ ಹುಲ್ಲಿನ ತೆನೆಯಲ್ಲಿ ಇರುವುದು ಬೆರಳೆಣಿಕೆಯ ಕಾಳು, ಒಂದೊಂದರ ಹೊದಿಕೆಯೂ ಕಲ್ಲಿನಷ್ಟು ಗಟ್ಟಿ. ಇದನ್ನು ಆದಿಮಾನವರು ತಿನ್ನುತ್ತಿದ್ದುದಾದರೂ ಹೇಗೆ? ಅಮೆರಿಕದ ತಳಿವಿಜ್ಞಾನಿ ಜಾರ್ಜ್ ಬೀಡಲ್ 1939ರಲ್ಲಿ ಈ ಪ್ರಶ್ನೆಗೆ ಸರಳ ಉತ್ತರ ಕೊಟ್ಟರು: ಟಿಯೊಸಿಂಟೆಯ ಕಾಳನ್ನು ಬೆಂಕಿಗೆ ಹಿಡಿದರೆ ಅದು ಅರಳುತ್ತದೆ! ಬೀಸುವ ಕಲ್ಲಿಗೂ ಬೇಯಿಸುವ ಮಡಕೆಗೂ ಮೊದಲು ಅರಳು ಇದ್ದಿರಬಹುದು ಎಂಬ ಯೋಚನೆಗೆ ಇದು ದಾರಿ ಮಾಡಿತು. ಪೆರು ದೇಶದ ಕಡಲತೀರದಲ್ಲಿ ಸಿಕ್ಕಿರುವ, ಸುಮಾರು 6,700 ವರ್ಷಗಳಷ್ಟು ಹಳೆಯ ತೆನೆಗಳಲ್ಲಿ ಅರಳಿಸುವ ಜಾತಿಯವೂ ಇದ್ದವೆಂದು 2012ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿತು.

ಇನ್ನೂ ಒಂದು ಸೊಗಸಾದ ಸಂಗತಿಯಿದೆ. ಹದಿನಾರನೆಯ ಶತಮಾನದಲ್ಲಿ ಮೆಕ್ಸಿಕೋದಲ್ಲಿ ನೆಲೆಸಿದ್ದ ಬರ್ನಾರ್ದಿನೋ ದ ಸಹಾಗುನ್ ಎಂಬ ಸ್ಪೇನಿನ ಪಾದ್ರಿ ಅಲ್ಲಿನ ಅಜ್ಟೆಕ್ ಜನರ ಆಚಾರಗಳನ್ನು ದಾಖಲಿಸಿದರು. ಯುವತಿಯರು ಅರಳಿದ ಜೋಳದ ಮಾಲೆಗಳನ್ನು ತಲೆಗೆ ಮುಡಿದು ಕುಣಿಯುತ್ತಿದ್ದರೆಂದೂ, ಹುರಿದಾಗ ಬಿರಿಯುವ ಆ ಕಾಳು ಅಚ್ಚ ಬಿಳಿಯ ಹೂವಿನಂತೆ ಕಾಣುತ್ತದೆಂದೂ ಅವರು ಬರೆದಿದ್ದಾರೆ. ಸಾವಿರಾರು ಮೈಲಿ ದೂರದ ಆ ಜನರಿಗೂ ಕೋಲಾರದ ನಮ್ಮ ಅಜ್ಜಿಯರಿಗೂ ಕಂಡದ್ದು ಒಂದೇ ಹೂವು. ವ್ಯಾಪಾರಕ್ಕೆ ಮಾತ್ರ ಸದ್ದು ಸಾಕಾಯಿತು. ಷಿಕಾಗೋ ನಗರದ ಚಾರ್ಲ್ಸ್ ಕ್ರೆಟರ್ಸ್ 1893ರ ವಿಶ್ವ ಮೇಳದಲ್ಲಿ ತನ್ನ ಅರಳು ಹುರಿಯುವ ಯಂತ್ರವನ್ನು ಪ್ರದರ್ಶಿಸಿದರು. ನಿಲ್ದಾಣದ ಹೊರಗಿನ ಗಾಜಿನ ಪೆಟ್ಟಿಗೆ ಆ ಯಂತ್ರದ ವಂಶದ್ದೇ.

ಕೊಲಂಬಸನ 1492ರ ಯಾನದ ನಂತರ ಈ ಬೆಳೆ ಜಗತ್ತನ್ನೆಲ್ಲ ಸುತ್ತಿತು. ಹೋದಲ್ಲೆಲ್ಲ ಅದು ಬೇರೆ ಯಾರದೋ ಹೆಸರು ಹೊತ್ತುಕೊಂಡಿತು. ಇಟಲಿಯವರು ಅದನ್ನು ತುರ್ಕಿಯ ಧಾನ್ಯ ಎಂದರು. ನಮ್ಮವರು ತಮಗೆ ಗೊತ್ತಿದ್ದ ಜೋಳದ ಹೆಸರನ್ನೇ ಅದಕ್ಕೆ ಕೊಟ್ಟು, ತೆನೆಗೆ ಸಿಪ್ಪೆಯ ಮುಸುಕಿರುವುದನ್ನು ಕಂಡು ಮುಸುಕಿನ ಜೋಳ ಎಂದರು. ಮೆಕ್ಕೆ ಜೋಳ, ಗೋವಿನ ಜೋಳ ಎಂಬವೂ ಹೀಗೆ ಹುಟ್ಟಿದ ಹೆಸರುಗಳೇ. ಹೊಸ ಅತಿಥಿಗೆ ಮನೆಯ ಮಗುವಿನ ಹೆಸರಿಟ್ಟು ಕರೆಯುವ ಔದಾರ್ಯ ನಮ್ಮ ಹಿರಿಯರಿಗಿತ್ತು. ದೂರ ಹೋಗುವುದೇಕೆ? ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ಅವರ ಹೆಸರಿನ ಬೌರಿಂಗ್‌ಪೇಟೆ ಜನರ ನಾಲಿಗೆಯಲ್ಲಿ ಬಂಗಾರಪೇಟೆಯಾಗಲಿಲ್ಲವೆ? ಪರದೇಶದ ಹೆಸರನ್ನು ಚಿನ್ನ ಮಾಡಿಕೊಂಡ ಊರು ನಮ್ಮದು. ಅಂಥ ಊರಿನ ಮಗು ಇಂದು ಇರುವ ಹೆಸರನ್ನೇ ಕಳೆದುಕೊಂಡು ನಿಂತಿದೆ.

ಇಲ್ಲೊಂದು ಎಚ್ಚರಿಕೆಯೂ ಅಗತ್ಯ. ನಮ್ಮದೆಂಬ ಅಭಿಮಾನದಲ್ಲಿ ಇಲ್ಲದ ಪ್ರಾಚೀನತೆಯನ್ನು ಹೇಳಿಕೊಳ್ಳಬಾರದು. ಹದಿಮೂರನೆಯ ಶತಮಾನದ ಸೋಮನಾಥಪುರದ ಹೊಯ್ಸಳ ದೇವಾಲಯದ ಶಿಲ್ಪಗಳ ಕೈಯಲ್ಲಿರುವುದು ಮುಸುಕಿನ ಜೋಳದ ತೆನೆಯೆಂದೂ, ಆದ್ದರಿಂದ ಕೊಲಂಬಸನಿಗಿಂತ ಮೊದಲೇ ಅದು ಕರ್ನಾಟಕದಲ್ಲಿತ್ತೆಂದೂ ಅಮೆರಿಕದ ವಿದ್ವಾಂಸ ಕಾರ್ಲ್ ಯೋಹಾನ್ಸೆನ್ ಮತ್ತು ಸಂಗಡಿಗರು 1989ರಲ್ಲಿ ವಾದಿಸಿದರು. ಭಾರತದ ಸಸ್ಯವಿಜ್ಞಾನಿಗಳಾದ ಪಾಯಕ್ ಮತ್ತು ಸಚಾನ್ 1993ರಲ್ಲಿ ಇದನ್ನು ಅಲ್ಲಗಳೆದು, ಅದು ಮುತ್ತುಗಳನ್ನು ಪೋಣಿಸಿದಂತೆ ಕೆತ್ತಿದ ಮುಕ್ತಾಫಲವೆಂಬ ಕಲ್ಪಿತ ಫಲವೆಂದು ತೋರಿಸಿದರು. ಮುಸುಕಿನ ಜೋಳದ ಮೂಲ ಅಮೆರಿಕವೇ. ನಮಗೆ ಹೆಮ್ಮೆ ಬೇಕಿದ್ದರೆ ಅದು ಅರಳಿಸುವ ವಿದ್ಯೆಯ ಬಗ್ಗೆ ಇರಲಿ, ಕಲ್ಲಿನ ತೆನೆಯ ಬಗ್ಗೆ ಬೇಡ.

ಕಾಳಿನೊಳಗಿನ ಹನಿ

ಅರಳುವುದರ ಗುಟ್ಟು ಕಾಳಿನೊಳಗೆ ಅಡಗಿರುವ ನೀರಿನಲ್ಲಿದೆ. ಅರಳಿಸುವ ಜಾತಿಯ ಮುಸುಕಿನ ಜೋಳದಲ್ಲಿ ನೂರಕ್ಕೆ ಸುಮಾರು 14 ಭಾಗ ತೇವವಿರುತ್ತದೆ. ಕಾವು ಏರಿದಂತೆ ಆ ತೇವ ಆವಿಯಾಗುತ್ತದೆ, ಗಟ್ಟಿ ಸಿಪ್ಪೆ ಅದನ್ನು ಹೊರಬಿಡದೆ ಹಿಡಿದಿಡುತ್ತದೆ. ಸುಮಾರು 180 ಡಿಗ್ರಿ ಸೆಲ್ಸಿಯಸ್ ತಲುಪಿದಾಗ ಸಿಪ್ಪೆ ಸೋಲುತ್ತದೆ. ಒಳಗೆ ಮೆತ್ತಗಾಗಿದ್ದ ಪಿಷ್ಟ ಒಮ್ಮೆಲೇ ಹೊರಚಿಮ್ಮಿ, ನೊರೆಯಂತೆ ಉಬ್ಬಿ, ಗಾಳಿಗೆ ತಣಿದು ಹೂವಾಗಿ ನಿಲ್ಲುತ್ತದೆ. ತೇವ ಕಡಿಮೆಯಾದರೂ, ಸಿಪ್ಪೆ ಬಿರುಕು ಬಿಟ್ಟಿದ್ದರೂ ಕಾಳು ಅರಳದೆ ಕರಿದಾಗುತ್ತದೆ.

ಓದುವ ಮಕ್ಕಳು ಒಂದು ವಿಷಯ ಗಮನಿಸಬೇಕು. ನಮ್ಮ ಸುತ್ತಲಿನ ಹೊಲಗಳಲ್ಲಿ, ದಾವಣಗೆರೆ ಹಾವೇರಿಗಳ ಬಯಲಿನಲ್ಲಿ ಬೆಳೆಯುವ ಸಾಮಾನ್ಯ ಹೈಬ್ರಿಡ್ ಮುಸುಕಿನ ಜೋಳ ಹೀಗೆ ಅರಳುವುದಿಲ್ಲ. ಅದರ ಸಿಪ್ಪೆ ಆವಿಯನ್ನು ತಡೆದಿಡಲಾರದು. ಅದು ಹೋಗುವುದು ಕೋಳಿಯ ಮೇವಿಗೆ, ಪಿಷ್ಟದ ಕಾರ್ಖಾನೆಗೆ, ಈಚೆಗೆ ಎಥನಾಲ್‌ಗೆ. ಪಾಪ್‌ಕಾರ್ನ್‌ಗೆ ಬೇಕಾದ ತಳಿಯೇ ಬೇರೆ. ಅಂದರೆ ಅಪ್ಪನ ಹೊಲದ ಮುಸುಕಿನ ಜೋಳವನ್ನು ತಂದು ಬಾಣಲೆಗೆ ಹಾಕಿದ ಮಗುವಿಗೆ ಒಳ್ಳೆಯ ಅರಳು ಸಿಗಲಾರದು. ಆದರೆ ಅದೇ ಹೊಲದ ಒಂದು ಹಿಡಿ ರಾಗಿ?

ರಾಗಿ ಅರಳುತ್ತದೆ. ಸಾಸಿವೆಯಷ್ಟಿರುವ ಕೆಂಪು ಕಾಳಿನಿಂದ ಮಲ್ಲಿಗೆಯ ಮೊಗ್ಗಿನ ತುದಿಯಂಥ ಬಿಳಿ ಹೂವು ಹೊರಬರುತ್ತದೆ. ನಮ್ಮ ಮನೆಗಳಲ್ಲಿ ರಾಗಿಯನ್ನು ತೊಳೆದು, ನೀರು ಅಥವಾ ನೀರುಮಜ್ಜಿಗೆ ಚಿಮುಕಿಸಿ, ಕಲಸಿ ಮುಚ್ಚಿಟ್ಟು, ಹದವಾಗಿ ನೆರಳಲ್ಲಿ ಆರಿಸುತ್ತಿದ್ದರು. ಚೆನ್ನಾಗಿ ಕಾದ ಬಾಣಲೆಗೆ ಹಿಡಿ ಹಿಡಿಯಾಗಿ ಹಾಕಿ, ಬಟ್ಟೆ ಸುತ್ತಿದ ಕೋಲಿನಿಂದ ಬಿರುಸಾಗಿ ತಿರುವುತ್ತಿದ್ದರು. ಅರಳಿದ್ದನ್ನು ಜರಡಿಯಾಡಿಸಿ ಬೀಸಿದರೆ ಹುರಿಹಿಟ್ಟು. ಹಾಲು, ಬೆಲ್ಲ, ಕಾಯಿತುರಿ ಬೆರೆಸಿದರೆ ಮಗುವಿಗೂ ಮುದುಕರಿಗೂ ಆಹಾರ. ಒಲೆ ಹಚ್ಚಬೇಕಿಲ್ಲ, ಕುದಿಸಬೇಕಿಲ್ಲ, ಹೊಲಕ್ಕೆ ಹೋಗುವವರು ಬುತ್ತಿಗೆ ಕಟ್ಟಿಕೊಳ್ಳಬಹುದು.

ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 1980ರ ದಶಕದಲ್ಲಿ ರಾಗಿ ಅರಳಿಸುವ ವಿದ್ಯೆಯನ್ನು ಪರೀಕ್ಷೆಗೆ ಒಡ್ಡಿದರು. ಕಾಳಿನ ತೇವ ನೂರಕ್ಕೆ ಸುಮಾರು 19 ಭಾಗವಿದ್ದಾಗ ಚೆನ್ನಾಗಿ ಅರಳುತ್ತದೆಂದೂ, ಎಲ್ಲ ರಾಗಿ ತಳಿಗಳೂ ಒಂದೇ ಸಮ ಅರಳುವುದಿಲ್ಲವೆಂದೂ ಅವರು ಕಂಡುಕೊಂಡರು. ಮಾಪಕವಿಲ್ಲದೆ, ಅಂಗೈಯಲ್ಲಿ ಕಾಳನ್ನು ಹಿಸುಕಿ ನೋಡಿ "ಹದ ಬಂತು" ಎನ್ನುತ್ತಿದ್ದ ನಮ್ಮ ತಾಯಂದಿರ ಕೈ ತಿಳಿದಿದ್ದುದೂ ಇದನ್ನೇ. ಯಾವ ರಾಗಿ ಮುದ್ದೆಗೆ, ಯಾವ ರಾಗಿ ಅರಳಿಗೆ ಎಂಬ ವಿವೇಚನೆಯ ಹಿಂದೆ ಬೀಜ ಆರಿಸುವ ವಿದ್ಯೆಯೂ ಇತ್ತು. ಪ್ಯಾಕೆಟ್ ಬಂದ ಮೇಲೆ ಆ ವಿವೇಚನೆಗೆ ಕೆಲಸವಿಲ್ಲದಾಗಿದೆ.

ಹೊರಗಿನದೆಂಬ ಕಾರಣಕ್ಕೆ ಅಲ್ಲ

ಮುಸುಕಿನ ಜೋಳ ಹೊರಗಿನದು, ರಾಗಿ ನಮ್ಮದು, ಆದ್ದರಿಂದ ಅದನ್ನು ಬಿಟ್ಟು ಇದನ್ನು ಹಿಡಿಯೋಣ ಎಂದು ವಾದಿಸಿದರೆ ಅದು ಸುಳ್ಳಾಗುತ್ತದೆ. ರಾಗಿಯೂ ಹೊರಗಿನಿಂದ ಬಂದದ್ದೇ. ಅದರ ತವರು ಪೂರ್ವ ಆಫ್ರಿಕಾದ ಎತ್ತರದ ನಾಡು. ಬಿಳಿ ಜೋಳದ ತವರೂ ಆಫ್ರಿಕಾ. ಇನ್ನು ಕೋಲಾರಕ್ಕೆ ಹೆಸರು ತಂದ ಟೊಮೇಟೊ, ನಮ್ಮ ಸಾರಿನ ಮೆಣಸಿನಕಾಯಿ, ಹೊಲದ ಕಡಲೆಕಾಯಿ ಎಲ್ಲವೂ ಅಮೆರಿಕ ಖಂಡದಿಂದ ಬಂದ ಅತಿಥಿಗಳು. ಬಂದವರನ್ನೆಲ್ಲ ಓಡಿಸಿದರೆ ನಮ್ಮ ತಟ್ಟೆ ಖಾಲಿಯಾದೀತು.

ಹಾಗಾದರೆ ವ್ಯತ್ಯಾಸವೇನು? ವ್ಯತ್ಯಾಸವಿರುವುದು ಬೀಜ ಯಾರ ಕೈಯಲ್ಲಿದೆ, ನೀರು ಎಲ್ಲಿಂದ ಬರುತ್ತದೆ ಎಂಬಲ್ಲಿ. ರಾಗಿಯ ಹೂವು ತನ್ನಲ್ಲೇ ಪರಾಗಸ್ಪರ್ಶ ಮಾಡಿಕೊಳ್ಳುತ್ತದೆ. ಈ ವರ್ಷ ಆರಿಸಿಟ್ಟ ತೆನೆಯ ಬೀಜ ಮುಂದಿನ ವರ್ಷವೂ ಅದೇ ಗುಣ ಕೊಡುತ್ತದೆ. ಮಂಡ್ಯದ ವಿ.ಸಿ. ಫಾರಂನಲ್ಲಿ ದುಡಿದ ಸಿ.ಎಚ್. ಲಕ್ಷ್ಮಣಯ್ಯನವರು ಭಾರತದ ರಾಗಿಗೂ ಆಫ್ರಿಕಾದ ರಾಗಿಗೂ ಸಂಕರ ಮಾಡಿ 'ಇಂಡಾಫ್' ತಳಿಗಳನ್ನು ರೂಪಿಸಿದಾಗ, ಇಂಡಿಯಾ ಮತ್ತು ಆಫ್ರಿಕಾ ಎರಡರ ಹೆಸರೂ ಆ ಪುಟ್ಟ ಪದದಲ್ಲಿ ಸೇರಿತು. ವಿಜ್ಞಾನಿ ಕೊಟ್ಟ ಆ ಬೀಜವನ್ನು ರೈತ ವರ್ಷ ವರ್ಷವೂ ತನ್ನ ಮನೆಯಲ್ಲೇ ಉಳಿಸಿಕೊಳ್ಳಬಲ್ಲವನಾಗಿದ್ದ. ಮುಸುಕಿನ ಜೋಳದ ಪರಾಗವಾದರೋ ಗಾಳಿಯಲ್ಲಿ ಹಾರಿ ಪಕ್ಕದ ಗಿಡವನ್ನು ಸೇರುತ್ತದೆ. ಹೈಬ್ರಿಡ್ ಬೆಳೆಯಿಂದ ಎತ್ತಿಟ್ಟ ಬೀಜ ಮರುವರ್ಷ ಅದೇ ಇಳುವರಿ ಕೊಡದು. ಆದ್ದರಿಂದ ಪ್ರತಿ ಮುಂಗಾರಿನಲ್ಲೂ ರೈತ ಅಂಗಡಿಯ ಮುಂದೆ ನಿಲ್ಲಬೇಕು. ಮೆಕ್ಸಿಕೋದ ಮೂಲನಿವಾಸಿಗಳು ಸಾವಿರಾರು ವರ್ಷ ತಮ್ಮ ಕೈಯಾರೆ ಆರಿಸಿ ಉಳಿಸಿದ ಬೀಜ ಇಂದು ಕಂಪನಿಗಳ ಸರಕಾಗಿದೆ. ಅನ್ಯಾಯ ನಮಗೆ ಮಾತ್ರವಲ್ಲ, ಅವರಿಗೂ ಆಗಿದೆ.

ಕೋಲಾರ ಕಲಿತ ಪಾಠ

ನಮ್ಮ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ, ಅದನ್ನು ಹಿಡಿದಿಡಲು ಹಿರಿಯರು ಕಟ್ಟಿದ ಕೆರೆಗಳ ಸರಪಳಿ, ಗುಡ್ಡದ ಇಳಿಜಾರಿನಲ್ಲಿ ಮಳೆಯಾಶ್ರಿತ ರಾಗಿ. ಇಷ್ಟೇ ನಮ್ಮ ಆಸ್ತಿ. ಆ ರಾಗಿಯೂ ಒಂಟಿಯಾಗಿ ಬೆಳೆಯುತ್ತಿರಲಿಲ್ಲ. ಅಕ್ಕಡಿ ಸಾಲುಗಳಲ್ಲಿ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಹರಳು, ನಡುನಡುವೆ ನಾಲ್ಕು ಸಾಲು ಜೋಳ. ಮನುಷ್ಯನಿಗೆ ಹಿಟ್ಟು, ಬೇಳೆ, ಎಣ್ಣೆ, ದನಕ್ಕೆ ರಾಗಿ ಹುಲ್ಲು, ಮಣ್ಣಿಗೆ ಎಲೆಗೊಬ್ಬರ. ಬರದ ವರ್ಷಕ್ಕೆಂದು ರಾಗಿಯನ್ನು ಹಗೇವಿನಲ್ಲಿ ತುಂಬಿಟ್ಟರೆ ವರ್ಷಗಟ್ಟಲೆ ಹುಳ ಮುಟ್ಟುತ್ತಿರಲಿಲ್ಲ.

ಈ ವ್ಯವಸ್ಥೆಗೆ ಮೊದಲ ದೊಡ್ಡ ಪೆಟ್ಟು ಬಿದ್ದದ್ದು ಮುಸುಕಿನ ಜೋಳದಿಂದಲ್ಲ, ನೀಲಗಿರಿಯಿಂದ. ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಕೋಲಾರದ ರಾಗಿ ಹೊಲಗಳು ನೀಲಗಿರಿ ತೋಪುಗಳಾದದ್ದನ್ನು ವಂದನಾ ಶಿವ, ಎಚ್.ಸಿ. ಶರತ್‌ಚಂದ್ರ, ಜಯಂತ ಬಂದ್ಯೋಪಾಧ್ಯಾಯ ಅವರ 1981ರ ಅಧ್ಯಯನ ಬಯಲಿಗೆಳೆಯಿತು. ಕೂಲಿಯ ಕಾಟವಿಲ್ಲ, ಕಾವಲು ಬೇಕಿಲ್ಲ, ಮಾರುಕಟ್ಟೆ ಸಿದ್ಧವಿದೆ ಎಂಬ ಮಾತಿಗೆ ಮರುಳಾಗಿ ಹೊಲ ಬಿಟ್ಟುಕೊಟ್ಟೆವು. ರಾಗಿಯೊಂದಿಗೆ ರಾಗಿ ಹುಲ್ಲೂ ಹೋಯಿತು, ಕೊಯ್ಲಿನ ಕೂಲಿಯೂ ಹೋಯಿತು. ಹೊಸದಾಗಿ ನೀಲಗಿರಿ ನೆಡುವುದನ್ನು ರಾಜ್ಯ ಸರ್ಕಾರ ನಿಷೇಧಿಸಿದ್ದು 2017ರಲ್ಲಿ. ಅಷ್ಟರೊಳಗೆ ಕೊಳವೆಬಾವಿಗಳು ಸಾವಿರ ಅಡಿ ದಾಟಿದ್ದವು. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ 2018ರಿಂದ ನಮ್ಮ ಕೆರೆಗಳಿಗೆ ಹರಿಸುವ ಸ್ಥಿತಿ ಬಂತು. ಒಂದು ಬೆಳೆ ಹೋದರೆ ಅದರ ಹಿಂದೆ ಏನೇನು ಹೋಗುತ್ತದೆ ಎಂಬುದಕ್ಕೆ ಬೇರೆ ಪುರಾವೆ ಬೇಕೆ?

ಎದುರು ಮಾತುಗಳಿಗೂ ಕಿವಿಗೊಡೋಣ

ರಾಗಿಯ ಪರವಾಗಿ ಬರೆಯುವುದು ಸುಲಭ, ಬೆಳೆಯುವುದು ಕಷ್ಟ ಎಂದು ನಮ್ಮ ಸಭೆಗಳಲ್ಲಿ ರೈತರು ಹೇಳುವುದುಂಟು. ಅದು ನಿಜ. ರಾಗಿಗೆ ಕಳೆ ಕೀಳಬೇಕು, ತೆನೆ ಕೊಯ್ಯಬೇಕು, ಕಣ ಮಾಡಬೇಕು, ತೂರಬೇಕು. ಕೈಗಳು ಹೆಚ್ಚು ಬೇಕು. ಹಳ್ಳಿಯಲ್ಲಿ ಆ ಕೈಗಳಿಲ್ಲ. ಮುಸುಕಿನ ಜೋಳ ಎಕರೆಗೆ ಹೆಚ್ಚು ತೂಗುತ್ತದೆ. ಕಾಮಸಮುದ್ರದ ಕಾಡಂಚಿನಲ್ಲಂತೂ ರಾಗಿ ತೆನೆ ಬಂತೆಂದರೆ ಆನೆಯೂ ಬಂತು. ರಾತ್ರಿಯಿಡೀ ಅಟ್ಟಣೆಯ ಮೇಲೆ ಜೀವ ಕೈಯಲ್ಲಿ ಹಿಡಿದು ಕಾಯಬೇಕು. ಇಷ್ಟಾದರೂ ರಾಗಿ ಬಿತ್ತುವವನಿಗೆ ನಾವು ಪ್ರವಚನ ಕೊಡಬೇಕಾಗಿಲ್ಲ, ಬೆಂಬಲ ಕೊಡಬೇಕಾಗಿದೆ.

ಅರಳು ಹುರಿಯುವುದೂ ಹಗುರ ಕೆಲಸವಲ್ಲ. ಹೊಗೆ ತುಂಬಿದ ಅಡುಗೆಮನೆಯಲ್ಲಿ, ಕಾದ ಬಾಣಲೆಯ ಎದುರು, ಗಂಟೆಗಟ್ಟಲೆ ಬಗ್ಗಿ ಕುಳಿತವರು ಹೆಂಗಸರು. ಅವರ ಕಣ್ಣು, ಬೆನ್ನು, ಉಸಿರಿನ ಲೆಕ್ಕವನ್ನು ಯಾರೂ ಇಡಲಿಲ್ಲ. ಹಿಂದಿನದೆಲ್ಲ ಚಿನ್ನವೆಂದು ಹಾಡಿ, ಆ ಶ್ರಮವನ್ನು ಮತ್ತೆ ಅವರ ಮೇಲೆಯೇ ಹೇರುವ ಉದ್ದೇಶ ಈ ಬರಹಕ್ಕಿಲ್ಲ. ಗಾಜಿನ ಪೆಟ್ಟಿಗೆಯ ಯಂತ್ರ ಅಮೆರಿಕದ ಕಾಳಿಗೆ ಹೊಂದಬಲ್ಲದಾದರೆ, ರಾಗಿಗೆ ಹೊಂದುವ ಅರಳು ಯಂತ್ರ ಹಳ್ಳಿಯ ಸ್ತ್ರೀಶಕ್ತಿ ಸಂಘದ ಕೊಠಡಿಯಲ್ಲಿ ಏಕೆ ಇರಬಾರದು?

ಬೆಲೆಯ ಮಾತಿಗೂ ಬರೋಣ. ಕೇಂದ್ರ ಸರ್ಕಾರ 2025-26ರ ಮುಂಗಾರಿಗೆ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಾಲಿಗೆ ರಾಗಿಗೆ 4,886 ರೂಪಾಯಿ, ಮುಸುಕಿನ ಜೋಳಕ್ಕೆ 2,400 ರೂಪಾಯಿ. ಕಾಗದದ ಮೇಲೆ ರಾಗಿಯ ಬೆಲೆ ಎರಡರಷ್ಟು. ಸಕಾಲಕ್ಕೆ ಖರೀದಿ ಕೇಂದ್ರ ತೆರೆದು, ಸಕಾಲಕ್ಕೆ ಹಣ ಕೈಸೇರಿದರೆ ಮಾತ್ರ ಅದು ಹೊಲದಲ್ಲಿಯೂ ನಿಜವಾಗುತ್ತದೆ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು. ಮರುವರ್ಷ, 2024ರ ಡಿಸೆಂಬರಿನಲ್ಲಿ, ಜೈಸಲ್ಮೇರಿನಲ್ಲಿ ಸೇರಿದ ಜಿ.ಎಸ್.ಟಿ. ಮಂಡಳಿ ಪಾಪ್‌ಕಾರ್ನ್ ಬಗ್ಗೆ ಗಂಭೀರ ಚರ್ಚೆ ನಡೆಸಿ, ಉಪ್ಪು ಖಾರ ಹಾಕಿದ ಬಿಡಿ ಸರಕಿಗೆ 5, ಪ್ಯಾಕೆಟ್ಟಿಗೆ 12, ಸಕ್ಕರೆ ಪಾಕದ್ದಕ್ಕೆ ಶೇಕಡ 18 ತೆರಿಗೆಯೆಂದು ಸ್ಪಷ್ಟಪಡಿಸಿತು. ದೇಶವೆಲ್ಲ ನಕ್ಕಿತು. ನನಗೆ ಮಾತ್ರ ಬೇರೊಂದು ಯೋಚನೆ ಬಂದಿತು: ಯಾವುದಕ್ಕೆ ಮಾರುಕಟ್ಟೆಯಲ್ಲಿ ಹೆಸರಿದೆಯೋ ಅದರ ಬಗ್ಗೆ ಮಾತ್ರ ಸರ್ಕಾರಗಳು ಮಾತಾಡುತ್ತವೆ. ಅರಳಿನ ಹೆಸರನ್ನು ನಾವೇ ಎತ್ತದಿದ್ದರೆ ಮತ್ತಾರು ಎತ್ತುತ್ತಾರೆ?

ನಾವು ಮಾಡಬಹುದಾದದ್ದು

ದೊಡ್ಡ ಕೆಲಸಗಳ ಪಟ್ಟಿ ಬೇಡ. ನಮ್ಮ ಗುಡ್ಡದ ಹಳ್ಳಿಗಳು ಈ ವರ್ಷವೇ ಆರಂಭಿಸಬಹುದಾದ ಮೂರು ಕೆಲಸಗಳಿವೆ.

ಮೊದಲನೆಯದು ಬೀಜ. ಚೆನ್ನಾಗಿ ಅರಳುವ ರಾಗಿ ತಳಿ ಯಾವುದೆಂದು ಬಲ್ಲ ಅಜ್ಜಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರನ್ನು ಕೂರಿಸಿಕೊಂಡು, ಹಳ್ಳಿಯಲ್ಲಿ ಸಿಗುವ ಒಂದೊಂದು ರಾಗಿಯನ್ನೂ ಹಿಡಿಯಷ್ಟು ಹುರಿದು ನೋಡೋಣ. ಗೆದ್ದದ್ದನ್ನು ಹತ್ತು ಮನೆಗಳಲ್ಲಿ ಬಿತ್ತಿ, ಹತ್ತು ಮನೆಗಳಲ್ಲಿ ಉಳಿಸೋಣ.

ಎರಡನೆಯದು ಮಾರಾಟ. ಜಾತ್ರೆ, ಸಂತೆ, ಶಾಲೆಯ ವಾರ್ಷಿಕೋತ್ಸವಗಳಲ್ಲಿ ರಾಗಿ ಅರಳಿನ ಉಂಡೆ, ಹುರಿಹಿಟ್ಟು, ಜೋಳದ ಅರಳು ಸಿಗಲಿ. ಸರ್ಕಾರಿ ಶಾಲೆಗಳಲ್ಲಿ 2024ರಲ್ಲಿ ಹಾಲಿನೊಂದಿಗೆ ರಾಗಿ ಮಾಲ್ಟ್ ಕೊಡುವ ಕ್ರಮ ಆರಂಭವಾದದ್ದು ಸ್ವಾಗತಾರ್ಹ. ಆ ರಾಗಿ ನಮ್ಮ ಹೊಲದ್ದೇ ಆಗಬೇಕು, ಅದನ್ನು ಹದಮಾಡಿ ಪುಡಿಮಾಡುವ ಕೆಲಸ ನಮ್ಮ ಸಂಘಗಳಿಗೇ ಸಿಗಬೇಕು ಎಂದು ಗ್ರಾಮಸಭೆಗಳಲ್ಲಿ ಠರಾವು ಮಾಡಿ ಕೇಳೋಣ.

ಮೂರನೆಯದು ಮಾತು. ಇದು ವಿದ್ಯಾರ್ಥಿಗಳ ಪಾಲು. ಈ ಗಡಿನಾಡಿನಲ್ಲಿ ಕನ್ನಡ, ತೆಲುಗು, ತಮಿಳು, ಉರ್ದು ನಾಲ್ಕೂ ಒಂದೇ ಬೀದಿಯಲ್ಲಿ ಬದುಕುತ್ತಿವೆ. ನಿಮ್ಮ ಮನೆಯ, ನೆರೆಮನೆಯ ಹಿರಿಯರನ್ನು ಕೇಳಿ: ಯಾವ ಕಾಳನ್ನು ಅರಳಿಸುತ್ತಿದ್ದರು, ಯಾವ ಹಬ್ಬಕ್ಕೆ, ಯಾವ ಪಾತ್ರೆಯಲ್ಲಿ, ಯಾವ ಹೆಸರಿನಿಂದ? ಬರೆದಿಟ್ಟುಕೊಳ್ಳಿ. ರಾಗಿಗೂ ಭತ್ತಕ್ಕೂ ಜಗಳ ಹೂಡಿ, ಕೊನೆಗೆ ರಾಮನಿಂದಲೇ ರಾಗಿಯನ್ನು ಗೆಲ್ಲಿಸಿದ ಕನಕದಾಸರ 'ರಾಮಧಾನ್ಯ ಚರಿತೆ'ಯನ್ನು ಓದಿ. ಬಡವರ ಧಾನ್ಯದ ಪರವಾಗಿ ಮಾತಾಡುವುದು ಈ ನಾಡಿಗೆ ಹೊಸತಲ್ಲ.

ಪಾಪ್‌ಕಾರ್ನ್ ತಿನ್ನಬೇಡಿ ಎಂದು ನಾನು ಹೇಳುತ್ತಿಲ್ಲ. ಗಾಡಿಯ ಹುಡುಗನಿಗೂ ಹೊಟ್ಟೆಯಿದೆ, ಮಕ್ಕಳಿಗೂ ಆಸೆಯಿದೆ. ಅದು ಕೂಡ ಅರಳೇ. ಮೆಕ್ಸಿಕೋದ ರೈತರು ಜಗತ್ತಿಗೆ ಕೊಟ್ಟ ಅರಳು. ಅದನ್ನು ಮುಸುಕಿನ ಜೋಳದ ಅರಳು ಎಂದು ಕರೆದು ನಮ್ಮ ಮನೆಗೆ ಸೇರಿಸಿಕೊಳ್ಳೋಣ. ಆದರೆ ಅತಿಥಿ ಬಂದನೆಂದು ಮನೆಯವರನ್ನು ಹೊರಗೆ ಹಾಕುವುದು ಬೇಡ.

ಬಂಗಾರಪೇಟೆಯಿಂದ ಮಾರಿಕುಪ್ಪಕ್ಕೆ ಹೋಗುವ ರೈಲಿನಲ್ಲಿ ಕುಳಿತವರಿಗೆ ಕೆ.ಜಿ.ಎಫ್.ನ ಸೈನೈಡ್ ದಿಬ್ಬಗಳು ಕಾಣುತ್ತವೆ. 1880ರಿಂದ ಆಧುನಿಕ ರೀತಿಯಲ್ಲಿ ಅಗೆದ ಆ ನೆಲದಿಂದ 800 ಟನ್ನಿಗೂ ಹೆಚ್ಚು ಚಿನ್ನ ಹೊರಬಂದಿತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಚಿನ್ನ ಯಾರ್ಯಾರದೋ ಪಾಲಾಯಿತು, ದಿಬ್ಬಗಳು ನಮಗೆ ಉಳಿದವು. ನೆಲದಿಂದ ಅಗೆದದ್ದು ಒಂದು ದಿನ ಮುಗಿಯುತ್ತದೆ. ಬಿತ್ತಿ ಬೀಜ ಉಳಿಸಿಕೊಂಡದ್ದು ಮರುವರ್ಷ ಮತ್ತೆ ಬರುತ್ತದೆ.

ಅಂದು ಬಸ್ಸು ಬಂದಾಗ ಆ ಹುಡುಗಿ ಕಾಗದದ ಪೊಟ್ಟಣ ಹಿಡಿದೇ ಹತ್ತಿದಳು. ಕಿಟಕಿಯ ಪಕ್ಕ ಕುಳಿತು, "ಅಕ್ಕಾ, ನಮ್ಮ ಮನೆಯಲ್ಲಿ ರಾಗಿ ಇದೆ. ಹುರಿಯುವುದು ಹೇಗೆ ಎಂದು ಅಜ್ಜಿಯನ್ನು ಕೇಳಲೇ?" ಎಂದಳು. ಕೇಳು ಮಗಳೇ, ಇಂದೇ ಕೇಳು. ಅಜ್ಜಿ ಇರುವಾಗಲೇ ಕೇಳು.